ಎಂಬತ್ತೈದರ ಮೇಲೆ ಬರುವ ನಡುಕ

ಅತ್ತಿಗೆಯ ಕೈ ನಡುಗುತ್ತದೆ ಎಂದು ಮನೆಯಲ್ಲಿ ಮೊದಲು ಬಾಯಿಬಿಟ್ಟವಳು ನಾನು. ಇದನ್ನು ಶುರುವಿನಲ್ಲೇ ಹೇಳಿಬಿಡುತ್ತೇನೆ. ಬೇರೆ ಯಾರೋ ಹೇಳಿ ನಿಮಗೆ ಗೊತ್ತಾಗುವುದಕ್ಕಿಂತ ನಾನೇ ಹೇಳಿ ಬೈಸಿಕೊಳ್ಳುವುದು ವಾಸಿ.

ನಾನು ಟೈಲರ್. ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಷಿನ್ ಹಾಕಿಕೊಂಡು ಇಪ್ಪತ್ತು ವರ್ಷವಾಯಿತು. ನಾದಿನಿ ಒಂದೇ ಮನೆಯಲ್ಲಿದ್ದರೆ ಅತ್ತಿಗೆಯ ಜೀವ ಹಿಂಡುತ್ತಾಳೆ ಎಂದು ಲೋಕ ನಂಬಿದೆ. ಲೋಕಕ್ಕೆ ನಮ್ಮ ಅತ್ತಿಗೆ ಗೊತ್ತಿಲ್ಲ. ಅವರ ಜೀವ ಹಿಂಡಲು ಹೋದವರು ತಮ್ಮ ಕೈಯನ್ನೇ ಹಿಂಡಿಸಿಕೊಂಡು ಬರುತ್ತಾರೆ.

ಅವರಿಗೆ ಈಗ ಐವತ್ತೊಂಬತ್ತು. ಕೆಲಸ, ಕಾರು ಓಡಿಸುವುದು. ದಿನಾ ಬೆಳಿಗ್ಗೆ ಆರಕ್ಕೆ ತಮ್ಮ ಸ್ವಂತ ಕಾರಿನಲ್ಲಿ ಹೊರಟು ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್ ಆಚೆಯ ಊರಿಗೆ ಹೋಗುತ್ತಾರೆ. ಅಲ್ಲಿಂದ ವಾಪಸು ಬರುತ್ತಾ ದಾರಿಯಲ್ಲಿರುವ ಆರು ಕ್ಲಿನಿಕ್‌ಗಳಿಗೆ ಖಾಲಿ ಗಾಜಿನ ಟ್ಯೂಬು ಕೊಟ್ಟು, ರಕ್ತ ತುಂಬಿದ ಟ್ಯೂಬು ಇಸಿದುಕೊಂಡು, ಹನ್ನೊಂದರೊಳಗೆ ನಮ್ಮೂರಿನ ದೊಡ್ಡ ಲ್ಯಾಬಿಗೆ ಮುಟ್ಟಿಸುತ್ತಾರೆ. ಕ್ಲಿನಿಕ್ಕಿನವರೆಲ್ಲ ಅವರನ್ನು ‘ಪೆಟ್ಟಿಗೆ ಅಕ್ಕ’ ಎನ್ನುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಪೆಟ್ಟಿಗೆ ಅಕ್ಕನ ಗಾಡಿಯಲ್ಲಿ ಒಂದು ಟ್ಯೂಬೂ ಒಡೆದಿಲ್ಲ.

ಕಾರು ಕಲಿತದ್ದು ಹಟಕ್ಕೆ. ಅವರ ಅಮ್ಮನಿಗೆ ಕೈ ನಡುಗುವ ಕಾಯಿಲೆ ಬಂದಾಗ ಪ್ರತಿ ವಾರ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಬಾಡಿಗೆ ಡ್ರೈವರ್ ಒಂದು ದಿನ ಬಂದರೆ ಎರಡು ದಿನ ಕೈಕೊಡುತ್ತಿದ್ದ. ಒಂದು ಬೆಳಿಗ್ಗೆ ಅಮ್ಮ ಸೀರೆ ಉಟ್ಟು ಬಾಗಿಲಲ್ಲಿ ಮೂರು ಗಂಟೆ ಕಾದು ಕೂತದ್ದನ್ನು ನೋಡಿ, ಅತ್ತಿಗೆ ಮಾರನೇ ದಿನವೇ ಡ್ರೈವಿಂಗ್ ಶಾಲೆಗೆ ಹೋಗಿ ಹೆಸರು ಬರೆಸಿದರು. ಆರು ವರ್ಷ ಅಮ್ಮನನ್ನು ಓಡಾಡಿಸಿದರು, ಆರು ವರ್ಷ ತುತ್ತು ಮಾಡಿ ತಿನ್ನಿಸಿದರು. ಕೊನೆಕೊನೆಗೆ ಆ ತಾಯಿಗೆ ನೀರಿನ ಲೋಟವನ್ನೂ ಹಿಡಿಯಲು ಆಗುತ್ತಿರಲಿಲ್ಲ. ಅಮ್ಮ ಹೋದ ಮೇಲೆ ಕಾರು ಉಳಿಯಿತು, ಓಡಿಸುವ ಚಟ ಉಳಿಯಿತು, ಲ್ಯಾಬಿನ ಕೆಲಸ ಸಿಕ್ಕಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕೊನೆಯ ಊರಿನ ಕ್ಲಿನಿಕ್ಕಿನ ನರ್ಸುಗಳಿಗೆ ನೀಲಿ ಕೋಟು ಹೊಲಿದಿದ್ದೆ. ಅವನ್ನು ಕೊಟ್ಟು ಬರಲು ಒಂದು ಸೋಮವಾರ ಅತ್ತಿಗೆಯ ಪಕ್ಕದ ಸೀಟಿನಲ್ಲಿ ಕೂತೆ. ಅದಕ್ಕೆ ಸ್ವಲ್ಪ ಮುಂಚೆ ಅವರು ಜ್ವರದಲ್ಲಿ ನಾಲ್ಕು ದಿನ ಮಲಗಿ ಎದ್ದಿದ್ದರು. ಹೆದ್ದಾರಿಗೆ ಏರಿ ಕಾರು ವೇಗ ಹಿಡಿಯಿತು. ಹಿಂದೆ ಪೆಟ್ಟಿಗೆಯಲ್ಲಿದ್ದ ಖಾಲಿ ಟ್ಯೂಬುಗಳು ಕಿಣಿಕಿಣಿ ಎನ್ನತೊಡಗಿದವು. ನೋಡುತ್ತೇನೆ, ಸ್ಟೀರಿಂಗ್ ಮೇಲಿನ ಅತ್ತಿಗೆಯ ಕೈ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಸಣ್ಣಗೆ ನಡುಗುತ್ತಿದೆ. ಬಳೆ ನಡುಗುತ್ತಿದೆ. ಅವರ ಅಮ್ಮನ ಕೈ ಕಣ್ಣ ಮುಂದೆ ಬಂತು. ಅರ್ಧ ದಾರಿ ದಾಟಿದ ಮೇಲೆ ನಡುಕ ನಿಂತಿತು. ವಾಪಸು ಬರುವಾಗ ಕೈ ಕಲ್ಲಿನಂತೆ ಇತ್ತು.

ನಾನು ಅವರನ್ನೇ ಕೇಳಬಹುದಿತ್ತು. ಪಕ್ಕದಲ್ಲೇ ಇದ್ದರು. ಕೇಳಲಿಲ್ಲ. ಮನೆಗೆ ಬಂದು ಅಣ್ಣನ ಕಿವಿಯಲ್ಲಿ ಊದಿದೆ.

ಅಣ್ಣನ ಬಗ್ಗೆ ಸ್ವಲ್ಪ ಹೇಳಬೇಕು. ಅವನು ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತನಾದವನು. ಅಪಘಾತವಾದ ಗಾಡಿಗಳ ಫೋಟೋ ನೋಡಿ ವರದಿ ಬರೆಯುವುದು ಅವನ ಕೆಲಸ. ಮೂವತ್ತು ವರ್ಷ ನಜ್ಜುಗುಜ್ಜಾದ ಕಾರುಗಳನ್ನೇ ನೋಡಿದವನಿಗೆ ನೆಟ್ಟಗೆ ನಿಂತ ಕಾರೂ ಬೀಳಲು ಕಾಯುತ್ತಿರುವಂತೆ ಕಾಣುತ್ತದೆ. ಬಾಗಿಲಿಗೆ ಎರಡು ಬೀಗ, ಗ್ಯಾಸಿಗೆ ಎರಡು ಸಲ ಪರೀಕ್ಷೆ, ಒಂದು ಚಮಚ ಎಂದು ಬರೆದ ಕೆಮ್ಮಿನ ಔಷಧ ಎರಡು ಚಮಚ. ಕೆಟ್ಟವನಲ್ಲ. ಆದರೆ ಹೆದರಿಕೆಯನ್ನೇ ಪ್ರೀತಿ ಎಂದುಕೊಂಡವನ ಜೊತೆ ಸಂಸಾರ ಮಾಡುವುದು ಸುಲಭವಲ್ಲ.

ನಾನು ಹೇಳಿದ್ದೇ ತಡ, ಅವನು ಲ್ಯಾಬಿನ ಡಾಕ್ಟರಿಗೆ ಫೋನ್ ಮಾಡಿ, ಹೆಂಡತಿಯ ತಾಯಿಗೆ ಹೀಗಿತ್ತು, ಈಗ ಹೆಂಡತಿಗೂ ಶುರುವಾಗಿದೆ ಎಂದು ಎಲ್ಲ ಒದರಿಬಿಟ್ಟ. ಲ್ಯಾಬಿನ ಡ್ರೈವರುಗಳೆಲ್ಲ ವರ್ಷಕ್ಕೊಮ್ಮೆ ಅದೇ ಡಾಕ್ಟರಿಂದ ಚೀಟಿ ಬರೆಸಿ ತರಬೇಕು. ಅತ್ತಿಗೆಯ ಸರದಿ ಆ ದಿನ ಮಧ್ಯಾಹ್ನವೇ ಇತ್ತು. ಅಣ್ಣನೂ ಜೊತೆಗೆ ಹೋದ.

ಡಾಕ್ಟರು ಎರಡೂ ಕೈ ಮುಂದೆ ಚಾಚಲು ಹೇಳಿ, ಬೆರಳುಗಳ ಮೇಲೆ ಒಂದು ಕಾಗದ ಇಟ್ಟು ನೋಡಿದರಂತೆ. ಕಾಗದದ ಅಂಚು ಅಲ್ಲಾಡಿತಂತೆ. “ನಿಮ್ಮ ಕೈ ಮೇಲೂ ಇಟ್ಟು ನೋಡಿ ಡಾಕ್ಟ್ರೇ” ಎಂದರಂತೆ ಅತ್ತಿಗೆ. ಡಾಕ್ಟರಿಗೆ ಅದು ರುಚಿಸಲಿಲ್ಲ. ಎರಡು ವಾರ ಬಿಟ್ಟು ಮತ್ತೆ ನೋಡಿ ತೀರ್ಮಾನ ಎಂದು ಬರೆದುಕೊಟ್ಟರು. ಲ್ಯಾಬಿನ ಮ್ಯಾನೇಜರು, ಅತ್ತಿಗೆ ಕೆಲಸಕ್ಕೆ ಸೇರಿದಾಗ ಪ್ರೈಮರಿ ಶಾಲೆಯಲ್ಲಿದ್ದ ಪುಣ್ಯಾತ್ಮ, “ಅಲ್ಲಿವರೆಗೆ ಓಡಿಸಿ ಅಮ್ಮಾ, ಆಮೇಲೆ ಬೇರೆಯವರನ್ನ ನೋಡ್ಕೋತೀವಿ” ಎಂದು ಆಗಲೇ ಬೀಳ್ಕೊಡುಗೆಯ ದನಿಯಲ್ಲಿ ಮಾತಾಡಿದ.

ಆ ಸಂಜೆ ನಾನು ಸೂಜಿಗೆ ದಾರ ಪೋಣಿಸಿಕೊಡಿ ಎಂದು ಅತ್ತಿಗೆಯನ್ನು ಕರೆದೆ. ಕಣ್ಣು ಮಂಜಾಗಿದೆ ಎಂದು ನೆಪ ಹೇಳಿದೆ. ಅವರು ನನ್ನ ಡಬ್ಬಿಯಲ್ಲಿದ್ದ ಅತಿ ಸಣ್ಣ ಸೂಜಿಯನ್ನೇ ಆರಿಸಿ, ದಾರದ ತುದಿ ಒದ್ದೆ ಕೂಡ ಮಾಡದೆ, ಒಂದೇ ಸಲಕ್ಕೆ ಪೋಣಿಸಿ ನನ್ನ ಮುಂದೆ ಹಿಡಿದರು.

“ಆಯ್ತಾ ಪರೀಕ್ಷೆ? ಇನ್ನೇನಾದ್ರೂ ಇದೆಯಾ?”

ನಾನು ತಲೆ ತಗ್ಗಿಸಿದೆ.

“ನೀನೇ ಹೇಳಿದ್ದು ಅಂತ ನಂಗೊತ್ತು ಕಣೇ. ನಡುಗ್ತಿರೋದು ಗಾಡಿ. ನನ್ನ ಕೈ ಗಾಡಿ ಮೇಲಿತ್ತು, ಅದಕ್ಕೆ ಅದೂ ನಡುಗ್ತು. ನಿನ್ನ ಮಷಿನ್ ಅದುರಿದಾಗ ಬಟ್ಟೆ ಹಿಡಿದಿರೋ ಕೈ ಅದುರಲ್ವಾ?”

“ಹಾಗಿದ್ರೆ ಆ ಡಾಕ್ಟ್ರಿಗೆ ಹೇಳೋದಲ್ವಾ ಅತ್ತಿಗೆ?”

“ಹೇಳ್ದೆ. ಜ್ವರ ಬಿಟ್ಟು ಕೆಲಸಕ್ಕೆ ಹೋದ ದಿನದಿಂದ ಶುರುವಾಯ್ತು, ಗಾಡೀಲೇ ಏನೋ ಆಗಿದೆ ಅಂದೆ. ‘ಜ್ವರ ಬಂದಿತ್ತಾ?’ ಅಂತ ಅದನ್ನ ಬರ್ಕೊಂಡ್ರು. ಗಾಡಿ ಸುದ್ದಿ ಬರ್ಕೊಳ್ಳಲಿಲ್ಲ.” ಆಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಹೇಳಿದರು, “ನಾಳೆಯಿಂದ ನೀನು ನನ್ನ ಜೊತೆ ಬಾ. ಬೆಂಕಿ ಹಚ್ಚಿದವಳು ನೀನು, ಆರಿಸೋಕೂ ನೀನೇ ಬರಬೇಕು.”

ಮಾರನೇ ಬೆಳಿಗ್ಗೆ ನನ್ನ ಅಳತೆ ಪುಸ್ತಕ ಹಿಡಿದು ಹೊರಟೆ. ಸೊಂಟ, ತೋಳು, ಭುಜ ಬರೆಯುವ ಪುಸ್ತಕದಲ್ಲಿ ಆ ದಿನದಿಂದ ವೇಗ, ದೂರ, ನಡುಕ ಬರೆಯುವುದಾಯಿತು. ಎಪ್ಪತ್ತರವರೆಗೆ ಏನೂ ಇಲ್ಲ. ಎಂಬತ್ತೈದು ದಾಟಿದ್ದೇ ಹಿಂದೆ ಟ್ಯೂಬುಗಳು ಕಿಣಿಕಿಣಿ, ಮುಂದೆ ಬಳೆ ಗಲಗಲ. ರಸ್ತೆ ನೇರವಾಗಿತ್ತು, ಮುಂದೆ ಹಿಂದೆ ಯಾರೂ ಇರಲಿಲ್ಲ.

“ಆ ಕಡೆಯಿಂದ ಸ್ಟೀರಿಂಗ್ ಹಿಡ್ಕೋ. ತಿರುಗಿಸಬೇಡ, ಸುಮ್ನೆ ಹಿಡ್ಕೋ” ಎಂದರು ಅತ್ತಿಗೆ. ನಾನು ಹಿಡಿದೆ. ಅವರು ತಮ್ಮ ಎರಡೂ ಕೈ ಒಂದು ಕ್ಷಣ ಮೇಲೆತ್ತಿದರು. ಗಾಳಿಯಲ್ಲಿ ಅವರ ಕೈ ಸುಮ್ಮನಿತ್ತು. ನನ್ನ ಅಂಗೈಯಲ್ಲಿ ಸ್ಟೀರಿಂಗ್ ಜೇನುಗೂಡಿನ ಹಾಗೆ ಗುಂಯ್‌ಗುಟ್ಟುತ್ತಿತ್ತು.

“ಈಗ ಹೇಳು, ಯಾರ ಕೈ?”

“ಅಯ್ಯೋ ಅತ್ತಿಗೆ, ಮೊದಲು ಹಿಡ್ಕೊಳ್ಳಿ!”

ಅವರು ನಗುತ್ತಾ ಹಿಡಿದುಕೊಂಡರು. ನನಗೆ ನಗು ಬರಲಿಲ್ಲ, ನಾಚಿಕೆ ಬಂತು. ಇಷ್ಟು ಸರಳವಾದದ್ದನ್ನು ನೋಡದೆ ನಾನು ಇವರ ಕೆಲಸಕ್ಕೇ ಕಲ್ಲು ಹಾಕಿದ್ದೆ.

ಅಣ್ಣನಿಗೆ ಬಂದು ಹೇಳಿದೆ. ಅವನು, “ನೀನು ಹೆದರಿದ್ದೆ. ನಿನ್ನ ಕೈಯೇ ನಡುಗಿರುತ್ತೆ” ಎಂದ. ನನಗೆ ಮೈ ಉರಿಯಿತು.

ಮೇಸ್ತ್ರಿಯದು ಇನ್ನೊಂದು ಕಥೆ. ನಮ್ಮ ಗ್ಯಾರೇಜಿನ ಮೇಸ್ತ್ರಿ ಒಳ್ಳೆಯ ಕೆಲಸಗಾರ, ಆದರೆ ಮಧ್ಯಾಹ್ನ ಗಾಡಿ ತಂದರೆ ನೋಡುತ್ತಾನೆ. ಅಷ್ಟು ಹೊತ್ತಿಗೆ ಅತ್ತಿಗೆಯ ಗಾಡಿ ನೂರಿಪ್ಪತ್ತು ಕಿಲೋಮೀಟರ್ ಓಡಿ ಬೆಣ್ಣೆಯ ಹಾಗೆ ಹೋಗುತ್ತಿರುತ್ತದೆ. ಅವನು ಓಡಿಸಿ ನೋಡಿ ಬಂದು, “ಗಾಡೀಲಿ ಏನೂ ಇಲ್ಲ ಅಕ್ಕಾ” ಎಂದ. ಅತ್ತಿಗೆ ಬಿಡಲಿಲ್ಲ. ಅವರ ಸಮಾಧಾನಕ್ಕೆ ನಾಲ್ಕೂ ಚಕ್ರ ಬಿಚ್ಚಿ ಬ್ಯಾಲೆನ್ಸ್ ನೋಡುವ ಮಷಿನ್ನಿಗೆ ಹಾಕಿ ತಿರುಗಿಸಿ, ಚಕ್ರದ ತೂಕ ಸುತ್ತಲೂ ಸಮವಾಗಲೆಂದು ಅಲ್ಲಿ ಇಲ್ಲಿ ಸೀಸದ ತುಂಡು ಅಂಟಿಸಿ, “ಈಗ ಸೊನ್ನೆ ತೋರಿಸ್ತಿದೆ, ಹೋಗಿ ಬನ್ನಿ” ಎಂದು ಕಳಿಸಿದ. ಮಾರನೇ ಬೆಳಿಗ್ಗೆ ಮತ್ತೆ ಅದೇ ಬಳೆ ಗಲಗಲ. ಅತ್ತಿಗೆ ಅಣ್ಣನನ್ನೂ ನನ್ನನ್ನೂ ಕರೆದುಕೊಂಡು ಎರಡನೇ ಸಲ ಹೋದಾಗ ಮೇಸ್ತ್ರಿ ಅಣ್ಣನ ಕಡೆ ತಿರುಗಿ ಕಣ್ಣು ಮಿಟುಕಿಸಿದ್ದನ್ನು ನಾನು ನೋಡಿದೆ. ಅತ್ತಿಗೆಯೂ ನೋಡಿದರು.

“ಸರಿ. ಇನ್ನು ನಾನೇ ಹುಡುಕ್ತೀನಿ” ಎಂದರು.

ಹುಡುಕಿದ ರೀತಿ ನೋಡಬೇಕಿತ್ತು. ನಡುಕ ಬಂದಾಗ ಗೇರನ್ನು ನ್ಯೂಟ್ರಲ್‌ಗೆ ತಂದು ಗಾಡಿಯನ್ನು ತನ್ನಷ್ಟಕ್ಕೆ ಹರಿಯಲು ಬಿಟ್ಟರು. ಎಂಜಿನ್ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. “ಎಂಜಿನ್ ಅಲ್ಲ, ಬರ್ಕೋ” ಎಂದರು. ಮೆಲ್ಲಗೆ ಬ್ರೇಕ್ ಒತ್ತಿದರು. ನಡುಕ ಹೆಚ್ಚಲೂ ಇಲ್ಲ, ಕಡಿಮೆಯೂ ಆಗಲಿಲ್ಲ. “ಬ್ರೇಕ್ ಅಲ್ಲ, ಬರ್ಕೋ.” ಮೂವತ್ತು ಕಿಲೋಮೀಟರ್ ಆದ ಮೇಲೆ ನಡುಕ ತಾನಾಗಿ ಮಾಯ. ಮಧ್ಯೆ ಒಂದು ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆ ನಿಂತು ಹೊರಟರೆ ಇಲ್ಲ. ಭಾನುವಾರ ರಜೆ, ಸೋಮವಾರ ಮಾತ್ರ ನಲವತ್ತು ಕಿಲೋಮೀಟರ್‌ವರೆಗೂ ಬಿಡಲಿಲ್ಲ, ಹಲ್ಲು ಕೂಡ ಅದುರಿತು.

ನಾನು ಪುಸ್ತಕ ನೋಡಿ ಹೇಳಿದೆ, “ಗಾಡಿ ಎಷ್ಟು ಹೊತ್ತು ನಿಂತಿರುತ್ತೋ ಅಷ್ಟು ಜಾಸ್ತಿ ನಡುಗುತ್ತೆ ಅತ್ತಿಗೆ.”

“ಅಬ್ಬಾ, ಬುದ್ಧಿ ಬಂತು!” ಎಂದರು. “ನಿಂತಾಗ ಏನೋ ಒಂದು ಕಡೆ ಕೂರುತ್ತೆ. ಓಡ್ತಾ ಓಡ್ತಾ ಸರಿಹೋಗುತ್ತೆ. ಏನು ಕೂರುತ್ತೆ, ಎಲ್ಲಿ ಕೂರುತ್ತೆ, ಅಷ್ಟೇ ಗೊತ್ತಾಗಬೇಕು.”

ಫೋನಿನಲ್ಲಿ ಕೇಳಿದ್ದಕ್ಕೆ ಮೇಸ್ತ್ರಿ, “ಟೈರ್ ರಬ್ಬರ್ ನಿಂತಲ್ಲೇ ಸ್ವಲ್ಪ ಚಪ್ಪಟೆ ಆಗುತ್ತೆ ಅಕ್ಕಾ” ಎಂದ. “ನಾಲ್ಕು ಟೈರೂ ನಿಂತಿರುತ್ತಲ್ಲಪ್ಪಾ. ನಾಲ್ಕೂ ಆಗಬೇಕು. ನನಗೆ ಸ್ಟೀರಿಂಗಲ್ಲಿ ಮಾತ್ರ ಬರ್ತಿದೆ” ಎಂದು ಅತ್ತಿಗೆ ಫೋನ್ ಇಟ್ಟರು.

ಮಂಗಳವಾರ ಸಂಜೆ ಅಂಗಳದಲ್ಲಿ ಜಾಕ್ ಹಾಕಿದರು. ಸ್ಟೀರಿಂಗಿಗೆ ಬರುವುದು ಮುಂದಿನ ಚಕ್ರದ ನಡುಕ, ಮೊದಲು ಎಡಗಡೆ ನೋಡೋಣ ಎಂದು ಆ ಕಡೆಯ ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಟ್ಟಿಗೆ ಹಾಕಿದ ಕಬ್ಬಿಣದ ಪಾನದ ಮೇಲೆ ಕಾಲಿಟ್ಟು ತುಳಿದು ಸಡಿಲಿಸಿದರು. ಅಣ್ಣ ಸುತ್ತ ಸುತ್ತ ತಿರುಗುತ್ತಿದ್ದ.

“ಇದೆಲ್ಲ ಯಾಕೆ? ಎರಡೂ ಟೈರ್ ಬಿಸಾಕಿ ಹೊಸದು ಹಾಕ್ಸೋಣ. ನಾಳೆನೇ ಹಾಕ್ಸೋಣ” ಎಂದ. ಒಂದು ಜೊತೆ ಚಪ್ಪಲಿ ಕೊಳ್ಳಲು ಮೂರು ಅಂಗಡಿ ಸುತ್ತುವ ಮನುಷ್ಯ!

ಅತ್ತಿಗೆ ಕೂತಲ್ಲಿಂದಲೇ ತಲೆ ಎತ್ತಿ ನೋಡಿದರು. “ಕಾರಣ ಗೊತ್ತಾಗದೆ ಟೈರ್ ಬಿಸಾಕಿದ್ರೆ ನಡುಕ ನನ್ನ ಹೆಸರಲ್ಲೇ ಉಳಿಯುತ್ತೆ ರೀ. ನಾನು ಹಾಗೆ ಬಿಡೋಳಲ್ಲ. ಆ ನಟ್ಟು ಇತ್ತ ಕೊಡಿ.”

ಬುಧವಾರ ಬೆಳಿಗ್ಗೆ ಎಂಬತ್ತೈದು ಮುಟ್ಟಿದಾಗ ಸ್ಟೀರಿಂಗ್ ನಿಶ್ಚಲವಾಗಿತ್ತು. ಬಳೆ ಅಲ್ಲಾಡಲಿಲ್ಲ. ಆದರೆ ನಾನು ಕೂತಿದ್ದ ಸೀಟು ಕೆಳಗಿನಿಂದ ಗಡಗಡ ಎನ್ನತೊಡಗಿತು. ಅತ್ತಿಗೆ ಹೋ ಎಂದು ಕೂಗಿದರು. “ಕೈಯಿಂದ ಕುಂಡಿಗೆ ಬಂತು ನೋಡೇ! ಈಗ ಹೇಳಲಿ ನಿಮ್ಮಣ್ಣ, ನನ್ನ ಕುಂಡಿಗೂ ನಮ್ಮಮ್ಮನ ಕಾಯಿಲೆ ಬಂದಿದೆ ಅಂತ!” ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗುನಗುತ್ತಲೇ ಅವರು ಒಂದು ಮಾತು ಹೇಳಿದರು. “ನಿಜ ಹೇಳ್ಲಾ? ಇವತ್ತಿನವರೆಗೆ ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಲೋಟ ಹಿಡಿದಾಗಲೆಲ್ಲ ಕೈ ನೋಡ್ಕೋತಿದ್ದೆ.” ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಆ ಸಂಜೆ ಹಿಂದಕ್ಕೆ ಹೋಗಿದ್ದ ಆ ಚಕ್ರವನ್ನು ಬಿಚ್ಚಿ ಡಿಕ್ಕಿಗೆ ಹಾಕಿ, ಅದರ ಜಾಗಕ್ಕೆ ಸ್ಟೆಪ್ನಿ ಹಾಕಿದರು. ಗುರುವಾರ, ಶುಕ್ರವಾರ ಎರಡು ದಿನ ನೂರರವರೆಗೂ ಓಡಿಸಿದರು. ನಡುಕವಿಲ್ಲ. ಟ್ಯೂಬುಗಳೂ ಬಾಯಿ ಮುಚ್ಚಿಕೊಂಡಿದ್ದವು. ಅಣ್ಣ ಅದಕ್ಕೂ ಉತ್ತರ ಇಟ್ಟುಕೊಂಡಿದ್ದ: “ಎಲ್ಲರೂ ನೋಡ್ತಿದಾರೆ ಅಂತ ಗಟ್ಟಿಯಾಗಿ ಹಿಡ್ಕೊಂಡಿರ್ತೀಯ.” ಡಾಕ್ಟರ ಎರಡು ವಾರ ಸೋಮವಾರಕ್ಕೆ ಮುಗಿಯುತ್ತಿತ್ತು. ಶನಿವಾರ ಅತ್ತಿಗೆ ಬೆಳಿಗ್ಗೆಯ ಕೆಲಸ ಮುಗಿಸಿ ಬಂದು, “ಇಬ್ಬರೂ ಹತ್ತಿ” ಎಂದು ಅಣ್ಣನನ್ನೂ ನನ್ನನ್ನೂ ಗ್ಯಾರೇಜಿಗೆ ಕರೆದೊಯ್ದರು.

ಮೂರು ದಿನ ಡಿಕ್ಕಿಯಲ್ಲಿ ಮಲಗಿದ್ದ ಚಕ್ರವನ್ನು ಮೇಸ್ತ್ರಿ ಮಷಿನ್ನಿಗೆ ಹಾಕಿ ತಿರುಗಿಸಿದ. ಎಪ್ಪತ್ತು ಗ್ರಾಂ ತೂಕ ಸಾಲದು ಎಂದಿತು ಮಷಿನ್. ಅವನು ಸೀಸ ಅಂಟಿಸಿ ತಿರುಗಿಸಿದ. ನಲವತ್ತು, ಅದೂ ಬೇರೆ ಜಾಗದಲ್ಲಿ. ಮತ್ತೆ ಅಂಟಿಸಿದ. ಇಪ್ಪತ್ತು, ಇನ್ನೊಂದು ಕಡೆ. ಹೀಗೇ ನಾಲ್ಕನೇ ಸಲಕ್ಕೆ ಸೊನ್ನೆ ಬಂತು. ಬಂದದ್ದೇ ಅವನು ಟಕ್ಕೆಂದು ಮಷಿನ್ ಆರಿಸಿ, “ಬಂತು ನೋಡಿ ಸೊನ್ನೆ” ಎಂದು ಕೈ ಒರೆಸಿಕೊಂಡ.

“ಮತ್ತೆ ತಿರುಗ್ಸು” ಎಂದರು ಅತ್ತಿಗೆ.

“ಸೊನ್ನೆ ಬಂದ ಮೇಲೆ ಯಾಕಕ್ಕಾ ತಿರುಗಿಸೋದು?”

“ಎಷ್ಟು ವರ್ಷದಿಂದ ಹೀಗೆ ಸೊನ್ನೆ ಬಂದ ತಕ್ಷಣ ಆರಿಸ್ತಿದೀಯಪ್ಪಾ ನೀನು? ಸೊನ್ನೆ ನಿಜ ಆಗಿದ್ರೆ ಮತ್ತೆ ತಿರುಗಿಸಿದ್ರೂ ಸೊನ್ನೆನೇ ಬರಬೇಕು. ತಿರುಗ್ಸು.”

ಮೇಸ್ತ್ರಿ ಒಲ್ಲದ ಮನಸ್ಸಿನಿಂದ ತಿರುಗಿಸಿದ. ಮೂವತ್ತೈದು. ಮುಟ್ಟದೆ ಮತ್ತೆ ತಿರುಗಿಸಿದ. ಹದಿನೈದು. ಮತ್ತೆ. ಐವತ್ತು. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮಷಿನ್ ಕೆಟ್ಟಿದೆ ಎಂದುಕೊಂಡು ಬೇರೆ ಚಕ್ರ ಹಾಕಿ ನೋಡಿದ. ಅದು ಐದು ಸಲವೂ ಒಂದೇ ತೂಕ ತೋರಿಸಿತು.

“ಅಕ್ಕಾ, ಇದರೊಳಗೆ ತೂಕ ಓಡಾಡ್ತಾ ಇದೆ” ಎಂದ. ದನಿಯಲ್ಲಿದ್ದ ತಮಾಷೆ ಹೋಗಿತ್ತು. “ಒಳಗೆ ಏನೋ ನೀರಾಗಿರೋದು ಇದೆ.”

“ಬಿಚ್ಚು” ಎಂದರು ಅತ್ತಿಗೆ.

ಟೈರನ್ನು ರಿಮ್ಮಿನಿಂದ ಎಬ್ಬಿಸಿದ್ದೇ ಹಸಿರು ಬಣ್ಣದ ಲೋಳೆ ಸಿಮೆಂಟ್ ನೆಲದ ಮೇಲೆ ಬೊಳಕ್ಕೆಂದು ಸುರಿಯಿತು. ಸುರಿಯುತ್ತಲೇ ಇತ್ತು. ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ. “ಪಂಕ್ಚರ್ ಜೆಲ್! ಮೊಳೆ ಚುಚ್ಚಿದ್ರೆ ತೂತು ತಾನಾಗಿ ಮುಚ್ಚಿಕೊಳ್ಳಲಿ ಅಂತ ಒಳಗೆ ಹಾಕ್ತಾರೆ. ಇಷ್ಟೊಂದಾ? ನಾಲ್ಕು ಚಕ್ರಕ್ಕೆ ಆಗೋದನ್ನ ಒಂದಕ್ಕೇ ತುಂಬಿದಾರೆ. ನಿಂತಾಗ ಎಲ್ಲ ಕೆಳಗೆ ಹೆಪ್ಪಾಗಿ ಕೂರುತ್ತೆ. ಓಡಿ ಬಿಸಿಯಾದ ಮೇಲೆ ಸುತ್ತ ಹರಡ್ಕೊಳುತ್ತೆ. ಅದಕ್ಕೇ ಬೆಳಿಗ್ಗೆ ಮಾತ್ರ ನಡುಕ. ನನ್ನ ಹತ್ರ ತರೋ ಹೊತ್ತಿಗೆ ಏನೂ ಇಲ್ಲ. ಯಾರಕ್ಕಾ ಇದನ್ನ ಹಾಕ್ಸಿದ್ದು?”

ನನ್ನ ಗಾಡಿಯಾಗಿದ್ದರೆ ನಾನು ಯಾರು ಯಾರೆಂದು ಊರೆಲ್ಲ ಕೇಳುತ್ತಿದ್ದೆ. ಅತ್ತಿಗೆ ಯಾರನ್ನೂ ಕೇಳಲಿಲ್ಲ. ನಾಲ್ಕು ಚಕ್ರದ್ದನ್ನು ಒಂದಕ್ಕೇ ತುಂಬುವ ಮನುಷ್ಯ ನಮ್ಮ ಪರಿಚಯದಲ್ಲಿ ಒಬ್ಬನೇ. ಅವರು ತಿರುಗಿ ಅಣ್ಣನನ್ನು ನೋಡಿದರು.

ಅಣ್ಣ ಹಳೆಯ ಟೈರುಗಳ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಮುಖದಲ್ಲಿ ರಕ್ತ ಇರಲಿಲ್ಲ.

“ಆ ಚಕ್ರ ಎರಡು ಸಲ ಪಂಕ್ಚರ್ ಆಗಿತ್ತಲ್ಲ” ಎಂದ ಮೆಲ್ಲಗೆ. “ಹೆದ್ದಾರೀಲಿ ಒಬ್ಬಳೇ ಕೂತು ಚಕ್ರ ಬದಲಾಯಿಸ್ತೀಯ. ಪಕ್ಕದಲ್ಲೇ ಲಾರಿಗಳು ಹೋಗ್ತಿರ್ತವೆ. ನೀನು ಜ್ವರ ಅಂತ ಮಲಗಿದ್ದಾಗ ತಗೊಂಡು ಹೋಗಿ ಹಾಕಿಸ್ದೆ. ಹೇಳಿದ್ರೆ ನೀನು ಬಿಡ್ತಿರಲಿಲ್ಲ. ಜಾಸ್ತಿ ಇದ್ರೆ ಒಳ್ಳೇದೇ ಅಂದ್ಕೊಂಡೆ.”

ಇಷ್ಟರವರೆಗೆ ನನಗೆ ಅವನ ಮೇಲೆ ಕನಿಕರವೇ ಬಂತು. ಅವನ ಬುದ್ಧಿಯೇ ಅಷ್ಟು, ಒಳ್ಳೆಯದಕ್ಕೆ ಮಾಡಿದ್ದಾನೆ ಎಂದುಕೊಂಡೆ. ಆದರೆ ಅತ್ತಿಗೆ ಹತ್ತೊಂಬತ್ತು ವರ್ಷ ರಸ್ತೆ ನೋಡಿದವರು. ಸುಮ್ಮನೆ ಬಿಡಲಿಲ್ಲ.

“ಇದರಿಂದಲೇ ನಡುಕ ಅಂತ ಯಾವಾಗ ಗೊತ್ತಾಯ್ತು ನಿಮಗೆ?”

ಅಣ್ಣ ನೆಲ ನೋಡಿದ.

“ರೀ, ಕೇಳ್ತಿದೀನಿ. ಟೈರ್ ಬಿಸಾಕೋಣ ಅಂತ ಅಷ್ಟು ಅವಸರ ಮಾಡಿದ್ರಲ್ಲ. ಯಾವಾಗ ಗೊತ್ತಾಯ್ತು?”

“ಗೊತ್ತು ಅಂತಲ್ಲ. ಅನುಮಾನ.” ಎಂದ. “ಡಾಕ್ಟ್ರ ಹತ್ರ ಕೂತಿದ್ದಾಗ. ಜ್ವರ ಬಿಟ್ಟ ದಿನದಿಂದ ಶುರು ಅಂತ ನೀನು ಅಂದಾಗ.”

ಮೇಸ್ತ್ರಿ ಮಾನವಂತ, ಗುಡಿಸುವ ನೆಪದಲ್ಲಿ ಆಚೆ ಹೋದ.

“ಮೂವತ್ತು ವರ್ಷ ಅಂಥ ಫೋಟೋಗಳನ್ನೇ ನೋಡಿದೀನಿ ಕಣೇ” ಎಂದ ಅಣ್ಣ. “ದಿನಾ ಹನ್ನೊಂದು ಗಂಟೆ ಆಗೋವರೆಗೆ ನನಗೆ ಜೀವ ಇರಲ್ಲ. ಆ ಡಾಕ್ಟ್ರು ಬೇಡ ಅಂತ ಬರೆದ್ರೆ ನೀನು ಮನೇಲಿ ಇರ್ತೀಯ ಅನ್ನಿಸ್ತು. ಅದಕ್ಕೇ ಸುಮ್ನಿದ್ದೆ.”

ನನಗೆ ಬಂದ ಸಿಟ್ಟಿಗೆ ಪಾನ ಎತ್ತಿ ಎಸೆದುಬಿಡೋಣ ಎನಿಸಿತು. ಒಡಹುಟ್ಟಿದವನು ಎಂದು ನೋಡುತ್ತಿರಲಿಲ್ಲ. ಅತ್ತಿಗೆ ದನಿ ಏರಿಸಲಿಲ್ಲ. ಏರಿಸಿದ್ದರೆ ಅಣ್ಣನಿಗೆ ಸುಲಭವಾಗುತ್ತಿತ್ತು.

“ನಮ್ಮಮ್ಮನ ಕಾಯಿಲೆ ನನಗೂ ಬಂತು ಅಂತ ಒಂಬತ್ತು ದಿನ ಒಳಗೊಳಗೇ ಸತ್ತಿದೀನಿ. ಊಟಕ್ಕೆ ಕೂತಾಗ ತುತ್ತು ಬಾಯಿಗೆ ಹೋಗೋವರೆಗೆ ಬೆರಳು ನೋಡ್ತಿದ್ದೆ. ಎದುರಿಗೆ ಕೂತು ನೀವು ಊಟ ಮಾಡ್ತಿದ್ರಿ. ನಿಮಗೆ ಗೊತ್ತಿತ್ತು. ಮಜ್ಜಿಗೆ ಬಡಿಸು ಅಂದ್ರಿ. ಬಡಿಸಿದೆ.”

ಅಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅತ್ತಿಗೆ ಅವನ ಹತ್ತಿರ ಹೋಗಲಿಲ್ಲ. “ನಿಮ್ಮ ಹೆದರಿಕೆಗೆ ನಾನು ರೋಗಿ ಆಗಲ್ಲ. ಹೆದರಿಕೆ ನಿಮ್ಮದು, ನೀವೇ ಇಟ್ಕೊಳ್ಳಿ. ಸೋಮವಾರ ಲ್ಯಾಬಿಗೆ ಬಂದು ಈಗ ಹೇಳಿದ್ದನ್ನ ಅಲ್ಲಿ ಹೇಳಬೇಕು. ಒಂದು ಮಾತೂ ಕಡಿಮೆ ಮಾಡದೆ.”

“ಅವರ ಮುಂದೆನಾ?”

“ಅವರ ಮುಂದೆನೇ ಅಲ್ವಾ ನನ್ನ ಕೈ ನಡುಗುತ್ತೆ ಅಂದಿದ್ದು?”

ಸೋಮವಾರ ಮ್ಯಾನೇಜರ ಕೋಣೆಯಲ್ಲಿ ಡಾಕ್ಟರೂ ಇದ್ದರು. ಅಣ್ಣ ನಿಂತೇ ಹೇಳಿದ. ಜೆಲ್ ಹಾಕಿಸಿದ್ದು ಹೇಳಿದ. ಅನುಮಾನ ಬಂದೂ ಬಾಯಿ ಮುಚ್ಚಿಕೊಂಡದ್ದು ಹೇಳುವಾಗ ಎರಡು ಸಲ ನಿಲ್ಲಿಸಿದ. ಅತ್ತಿಗೆ ಕಾದರು, ಸಹಾಯ ಮಾಡಲಿಲ್ಲ. ಅವನು ಮುಗಿಸಿದ ಮೇಲೆ ನಾನೂ ಎದ್ದು, ಮೊದಲು ಹೇಳಿದವಳು ನಾನು, ಕಣ್ಣಿಗೆ ಕಂಡದ್ದನ್ನು ಅವರನ್ನೇ ಕೇಳದೆ ಬೇರೆಯವರಿಗೆ ಹೇಳಿದೆ ಎಂದೆ. ಮೇಸ್ತ್ರಿ ಬರೆದುಕೊಟ್ಟ ಚೀಟಿಯನ್ನೂ ನನ್ನ ಅಳತೆ ಪುಸ್ತಕವನ್ನೂ ಮೇಜಿನ ಮೇಲಿಟ್ಟೆ. ಮ್ಯಾನೇಜರು ಪುಟ ತಿರುಗಿಸಿ, ಯಾರದೋ ಕುಪ್ಪಸದ ಅಳತೆಯ ಕೆಳಗೆ ‘ಎಂಬತ್ತೈದು, ಬಳೆ ಗಲಗಲ’ ಎಂದಿದ್ದುದನ್ನು ಓದಿ ನಗು ತಡೆದುಕೊಂಡ.

“ಎಲ್ಲ ಸರಿ ಅಮ್ಮಾ. ಆದ್ರೂ ವಯಸ್ಸಾಯ್ತಲ್ಲ, ಹೇಗೂ ಒಂದಿನ...” ಎಂದು ಶುರುಮಾಡಿದ.

“ನನ್ನ ವಯಸ್ಸು ಹತ್ತೊಂಬತ್ತು ವರ್ಷದಿಂದ ನಿಮ್ಮ ಫೈಲಲ್ಲಿದೆ. ಅದೇ ಫೈಲಲ್ಲಿ ನಾನು ಒಡೆದಿರೋ ಟ್ಯೂಬ್ ಎಷ್ಟು ಅಂತಾನೂ ಇರುತ್ತೆ. ಅದನ್ನೂ ಓದಿ” ಎಂದರು ಅತ್ತಿಗೆ. ಆಮೇಲೆ ಡಾಕ್ಟರ ಮುಂದೆ ಎರಡೂ ಕೈ ಚಾಚಿದರು. “ಇಡಿ ಕಾಗದ. ಅಂಚು ಅಲ್ಲಾಡಿದ್ರೆ ನಿಮ್ಮ ಕೈ ಮೇಲೂ ಇಟ್ಟು ನೋಡೋಣ.”

ಡಾಕ್ಟರು ಈ ಸಲ ನಕ್ಕರು. ಬೆರಳು ಮಡಿಸಿ ಬಿಡಿಸಿ, ಮೂಗು ಮುಟ್ಟಿಸಿ, ಒಂದು ಸಾಲು ಬರೆಸಿ, ಸಾವಕಾಶವಾಗಿ ಪರೀಕ್ಷೆ ಮಾಡಿ ಸಹಿ ಹಾಕಿದರು. ಮೊದಲ ಸಲವೇ ಇಷ್ಟು ನೋಡಬೇಕಿತ್ತು ಎಂದು ಅವರಾಗಿಯೇ ಹೇಳಿದ್ದು ನನಗೆ ಹಿಡಿಸಿತು.

ಹೊರಗೆ ಬಂದು ಕಾರಿನ ಹತ್ತಿರ ನಿಂತಾಗ ಅಣ್ಣ ಕೇಳಿದ, “ಇನ್ನೂ ಸಿಟ್ಟಾ?”

“ಸಿಟ್ಟೇ. ಹೋಗೋಕೆ ಟೈಮ್ ಬೇಕು. ಅವಸರ ಮಾಡಬೇಡಿ.” ಅತ್ತಿಗೆ ಬಾಗಿಲು ತೆರೆದು, ಒಳಗೆ ಕೂರದೆ ನಿಂತರು. “ಮತ್ತೆ ಒಂದು ಮಾತು, ಇಬ್ಬರೂ ಕೇಳಿಸ್ಕೊಳ್ಳಿ. ಆ ಕಾಯಿಲೆ ನನಗೆ ಬರೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ನಮ್ಮಮ್ಮನ ಮಗಳು ನಾನು, ಬಂದ್ರೂ ಬರಬಹುದು. ಬಂದ ದಿನ ಮೊದಲು ಗೊತ್ತಾಗೋದು ನನಗೆ. ಅವತ್ತು ಕೀಲಿ ನಾನೇ ತಂದಿಡ್ತೀನಿ, ಯಾರೂ ಕೇಳೋದು ಬೇಡ. ಅಲ್ಲಿವರೆಗೆ ನನ್ನ ಕೈ ಬಗ್ಗೆ ಯಾರಿಗೆ ಏನು ಅನ್ನಿಸಿದ್ರೂ, ನನ್ನ ಮುಖ ನೋಡಿ ನನಗೆ ಮೊದಲು ಹೇಳಬೇಕು.”

ಅಣ್ಣ ತಲೆಯಾಡಿಸಿದ. ಅತ್ತಿಗೆ ನನ್ನ ಕಡೆ ತಿರುಗಿದರು, ನಾನು ಬಾಯಿಬಿಟ್ಟು ಹೇಳುವವರೆಗೆ ಕಣ್ಣು ತೆಗೆಯಲಿಲ್ಲ.

“ನಿಮಗೇ ಮೊದಲು ಹೇಳ್ತೀನಿ ಅತ್ತಿಗೆ” ಎಂದೆ.